ಟೈಗರ್‌ಗೆ ಕಲಿಸಿದವರು ಯಾರು?

ಚಿಕ್ಕಮ್ಮನ ಮನೆಯ ಟೈಗರ್‌ಗೆ ಯಾರೂ ಏನೂ ಕಲಿಸಿಲ್ಲ ಎಂಬುದು ಬೀದಿಯವರೆಲ್ಲರ ಮಾತು. ಮೂರು ವಾರ ಅದನ್ನು ನೋಡಿಕೊಂಡ ಮೇಲೆ ನನಗನ್ನಿಸಿದ್ದು ಬೇರೆ. ಆ ನಾಯಿಗೆ ಬೇಕಾದಷ್ಟು ಕಲಿಸಿದ್ದಾರೆ, ಅದೂ ದಿನಾಲೂ, ಮನೆಮಂದಿಯೆಲ್ಲ ಸೇರಿ. ಕಲಿಸುತ್ತಿದ್ದೇವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಗಳ ಬಾಣಂತನಕ್ಕೆಂದು ಚಿಕ್ಕಮ್ಮ ಬೆಂಗಳೂರಿಗೆ ಹೊರಟಾಗ ನನ್ನ ಬೋಧನಾಭ್ಯಾಸದ ಶಾಲೆ ಮುಳಬಾಗಿಲಿನಲ್ಲೇ ಇತ್ತು. ಅವರ ಮನೆಯಲ್ಲೇ ಉಳಿದೆ. ಅಜ್ಜಿ, ಟೈಗರ್ ಇಬ್ಬರೂ ನನ್ನ ಪಾಲಿಗೆ ಬಂದರು. ಟೈಗರ್ ಎರಡು ವರ್ಷದ ಗಂಡು. ಅರ್ಧ ಲ್ಯಾಬ್ರಡಾರ್, ಅರ್ಧ ಬೀದಿಯದು. ಸಿಟ್ಟಿನ ನಾಯಲ್ಲ, ಅದರ ಪ್ರೀತಿಯೇ ತೊಂದರೆ. ಗೇಟು ತೆರೆದರೆ ಸಾಕು, ಮುಂಗಾಲೆರಡನ್ನೂ ಬಂದವರ ಎದೆಯ ಮೇಲಿಡುತ್ತದೆ. ಅಜ್ಜಿ ಊರುಗೋಲು ಹಿಡಿದು ನಡೆಯುವವರು. ಒಮ್ಮೆ ಅದು ಹಾರಿದ ರಭಸಕ್ಕೆ ಜಗಲಿಯ ಮೇಲೆ ಬಿದ್ದಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ಟಮೊಟೊ ಗಾಡೀಲಿ ಹಾಕ್ಕೊಂಡೋಗಿ ನಂಗಲಿ ದಾಟಿಸಿ ಬಿಟ್ಟು ಬರ್ತೀನಿ" ಎಂದು ಚಿಕ್ಕಪ್ಪ ಹೇಳಿಬಿಟ್ಟಿದ್ದರು. ಹಸಿವು ಬಾಯಾರಿಕೆಗೆ ಸಿಕ್ಕುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಕಾಯ್ದೆಯ ಪ್ರಕಾರ ಅಪರಾಧ ಎಂದೆ. "ಅಜ್ಜಿ ಸೊಂಟ ಮುರಿದ್ರೆ ಯಾವ ಕಾಯ್ದೆ ಬರ್ತದಮ್ಮ?" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮೊದಲೆರಡು ದಿನ ಏನನ್ನೂ ಕಲಿಸಲು ಹೋಗದೆ ಬರೀ ನೋಡಿದೆ. ಸಹಪಾಠಿಯ ಪಾಠ ವೀಕ್ಷಿಸಿ ಟಿಪ್ಪಣಿ ಬರೆಯುತ್ತೇವಲ್ಲ, ಹಾಗೆ. ಟೈಗರ್ ಹಾರಿದರೆ ಚಿಕ್ಕಪ್ಪ ಬೆನ್ನು ತಟ್ಟುತ್ತಾರೆ. ಪಕ್ಕದ ಮನೆಯವರು "ಥೂ, ಪೋ!" ಎಂದು ಎರಡೂ ಕೈಯಿಂದ ತಳ್ಳುತ್ತಾರೆ, ಅದಕ್ಕೆ ಅದೂ ಆಟವೇ. ಅಜ್ಜಿ, ಹತ್ತಿರ ಬರದಿರಲಿ ಎಂದು, ದೂರಕ್ಕೆ ಒಂದು ತುತ್ತು ಮುದ್ದೆ ಎಸೆಯುತ್ತಾರೆ. ಅದು ಸುಮ್ಮನೆ ಮಲಗಿದ್ದಾಗ ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕೂರಲು ಹೇಳುವುದಕ್ಕೂ ಒಂದು ಮಾತಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಕನ್ನಡ, ತೆಲುಗು ಕೂಡಿಯೇ ಇರುತ್ತವೆ: ಚಿಕ್ಕಪ್ಪನದು "ಕೂಸೋ", ಚಿಕ್ಕಮ್ಮನದು "ಕೂತ್ಕೋ", ತಮ್ಮನದು "ಸಿಟ್". ಇನ್ನು "ಟೈಗರ್!" ಎಂಬ ಹೆಸರನ್ನು ಬೈಯುವಾಗಲೇ ಹೆಚ್ಚು ಕೂಗುವುದರಿಂದ, ಕರೆದರೆ ಅದು ಕಾಂಪೌಂಡಿನ ಮೂಲೆಗೆ ಓಡುತ್ತದೆ. (ಶಾಲೆಯಲ್ಲೂ ಕೆಲವು ಮಕ್ಕಳ ಹೆಸರು ಬೈಗುಳದ ಜೊತೆಗೇ ಕೇಳಿಬರುತ್ತದೆ.)

ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬೆಕ್ಕುಗಳ ಜೊತೆ ನಾಯಿಗಳೂ ಇದ್ದವು. ಪರಿಣಾಮ ನಿಯಮವನ್ನು ನಾವು ಪರೀಕ್ಷೆಗೆ ಬರೆಯುವಾಗ ಬೆಕ್ಕನ್ನಷ್ಟೇ ನೆನೆಯುತ್ತೇವೆ. ಟೈಗರ್ ವಿಷಯದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಕಿನ್ನರ್ ಹೇಳಿದ ಮಧ್ಯಂತರ ಪುನರ್ಬಲನ. ಹಾರಿದಾಗಲೆಲ್ಲ ಮುದ್ದೆ ಸಿಕ್ಕಿದ್ದರೆ, ನಿಲ್ಲಿಸಿದ ಮೇಲೆ ಆ ಅಭ್ಯಾಸ ಬೇಗ ಬಿಡುತ್ತಿತ್ತು. ಒಮ್ಮೆ ಸಿಕ್ಕಿ, ನಾಲ್ಕು ಸಲ ಸಿಗದೆ, ಮತ್ತೆ ಸಿಕ್ಕಿದರೆ ಅದು ಗಟ್ಟಿಯಾಗಿ ಬೇರೂರುತ್ತದೆ. ಮನೆಯವರು ಮಾಡಿದ್ದು ಅದನ್ನೇ. ಪಕ್ಕದವರು ಕೋಲು ಹಿಡಿ ಎಂದರು. ತರಗತಿಯಲ್ಲಿ ಕೋಲನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ತಡೆಯುತ್ತದೆ. ಅಂಗಳದಲ್ಲಿ ನನ್ನನ್ನು ತಡೆದವನು ಥಾರ್ನ್‌ಡೈಕ್. ಬಹುಮಾನದಷ್ಟು ಶಿಕ್ಷೆ ಕೆಲಸ ಮಾಡುವುದಿಲ್ಲ ಎಂದು ಅವನೇ ಮುಂದೆ ತನ್ನ ನಿಯಮವನ್ನು ತಿದ್ದಿಕೊಂಡ.

ಮೂರನೇ ದಿನದಿಂದ ಮನೆಯಲ್ಲಿ "ಕೂತ್ಕೋ" ಒಂದೇ ಮಾತು. ಹಾರಿದರೆ ಕೈಕಟ್ಟಿ ಬೆನ್ನು ತಿರುಗಿಸುವುದು, ನೋಡುವುದೂ ಇಲ್ಲ, ಬೈಯುವುದೂ ಇಲ್ಲ. ನಾಲ್ಕೂ ಕಾಲು ನೆಲದ ಮೇಲಿದ್ದರೆ ತಂಗಳು ಮುದ್ದೆಯ ಗೋಲಿಯಷ್ಟು ಚೂರು. ಬಿಸಿ ಮುದ್ದೆ ಕೈಗಂಟುತ್ತದೆ, ತಂಗಳೇ ವಾಸಿ. ಚೂರು ತೆಗೆದು ಕೊಡುವಷ್ಟರಲ್ಲಿ ಅದು ಮತ್ತೆ ಹಾರಿರುತ್ತಿತ್ತು. ಆಗ ಬಹುಮಾನ ಸಿಗುವುದು ಹಾರಿದ್ದಕ್ಕೇ. ಪ್ರಾಣಿಗಳಿಗೆ ಕಲಿಸುವುದರ ಬಗ್ಗೆ 1951ರಲ್ಲಿ ಬರೆದ ಲೇಖನದಲ್ಲಿ ಸ್ಕಿನ್ನರ್ ಇದಕ್ಕೆ 'ಟಿಕ್' ಎನ್ನುವ ಆಟಿಕೆಯೊಂದನ್ನು ಸೂಚಿಸಿದ್ದಾನೆ. ನಾನು ನಾಲಿಗೆಯಿಂದಲೇ ಸದ್ದು ಮಾಡಿದೆ. ಮೊದಲು ಸದ್ದು, ಹಿಂದೆಯೇ ಮುದ್ದೆ. ಅಜ್ಜಿ ಮಾತ್ರ ಆ ವಾರವೆಲ್ಲ ಗ್ರಿಲ್‌ನ ಒಳಗೇ ಇದ್ದರು.

ಐದನೇ ದಿನ ಹಾರಾಟ ಇಮ್ಮಡಿಯಾಯಿತು. ಬೆನ್ನು ತಿರುಗಿಸಿದರೆ ಬೆನ್ನ ಮೇಲೇ ಹಾರಿತು, ವೇಲ್ ಹರಿಯಿತು. "ನಿನ್ನ ಪಾಠ ಚೆನ್ನಾಗೈತೆ" ಎಂದು ಚಿಕ್ಕಪ್ಪ ನಕ್ಕರು. ಪುನರ್ಬಲನ ನಿಂತಾಗ ವರ್ತನೆ ಇಳಿಯುವ ಮೊದಲು ಒಮ್ಮೆ ಏರುತ್ತದೆ ಎಂದು ಓದಿದ್ದರಿಂದ ತಡೆದುಕೊಂಡೆ. ಒಂಬತ್ತನೇ ದಿನದ ಹೊತ್ತಿಗೆ ಗೇಟಿನ ಸದ್ದಾದರೆ ಬಾಲ ಅಲ್ಲಾಡಿಸುತ್ತಾ ಕೂರತೊಡಗಿತು.

ಇದೇ ದಿನಗಳಲ್ಲಿ ಎಂಟನೇ ತರಗತಿಗೆ ಘರ್ಷಣೆ ಪಾಠ ನಡೆದಿತ್ತು. ಕೂಗಿ ಉತ್ತರ ಹೇಳುವುದು ಆ ತರಗತಿಯ ಹಳೇ ರೂಢಿ. ಕೈ ಎತ್ತಿದವರು ಎತ್ತಿಕೊಂಡೇ ಇರುತ್ತಿದ್ದರು. ಕೈ ಎತ್ತಿದವರನ್ನು ಮಾತ್ರ ಕೇಳತೊಡಗಿದೆ. ಮೂರನೇ ದಿನ ಗದ್ದಲ ಹೆಚ್ಚಾಯಿತು. ಪಾಠ ವೀಕ್ಷಣೆಗೆ ಬಂದದ್ದೂ ಅಂದೇ. "ತರಗತಿ ನಿಯಂತ್ರಣ ಸಾಲದು" ಎಂಬ ಷರಾ ಬಂತು. ಆ ಒಂದು ಅವಧಿಯ ಮಟ್ಟಿಗೆ ಅದು ನಿಜವೇ. ಆದರೆ ಕೆಡುತ್ತಿರುವ ತರಗತಿಯೂ ಹಳೇ ರೂಢಿ ಬಿಡುತ್ತಿರುವ ತರಗತಿಯೂ ನಲವತ್ತು ನಿಮಿಷದಲ್ಲಿ ಒಂದೇ ಥರ ಕಾಣುತ್ತವೆ. ಒಬ್ಬರೇ ವೀಕ್ಷಕರು ವಾರದೊಳಗೆ ಎರಡು ಸಲ ಬಂದರೆ ವ್ಯತ್ಯಾಸ ತಿಳಿಯುತ್ತದೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಅದಕ್ಕೆ ಜಾಗವಿರಬೇಕು ಎಂಬುದು ನನ್ನ ಅಭಿಪ್ರಾಯ.

ಮಕ್ಕಳನ್ನು ನಾಯಿಗೆ ಹೋಲಿಸುತ್ತಿದ್ದಾಳೆ ಎನ್ನಬೇಡಿ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹುಡುಗನಿಗೆ ಕಾರಣ ಹೇಳಿದೆ. "ಹಾಗಾದ್ರೆ ನನ್ನ ಯಾವಾಗ ಕೇಳ್ತೀರಾ, ಮಿಸ್?" ಎಂದ. ಟೈಗರ್ ಹೀಗೆ ಕೇಳಲಾರದು. ದಿನಕ್ಕೊಂದು ಪ್ರಶ್ನೆ ಅವನಿಗೇ ಎಂದು ಒಪ್ಪಂದವಾಯಿತು. ಅವನು ಅದನ್ನು ಲೆಕ್ಕವಿಟ್ಟು ವಸೂಲು ಮಾಡುತ್ತಾನೆ.

ಚಿಕ್ಕಮ್ಮ ಬಂದಿದ್ದಾರೆ. ಅಜ್ಜಿ ಈಗ ಜಗಲಿಗೆ ಬರುತ್ತಾರೆ, ಮುದ್ದೆಯನ್ನು ಎಸೆಯದೆ ಕೈಯಲ್ಲೇ ಕೊಡುತ್ತಾರೆ. ನಂಗಲಿಯ ಮಾತು ಸದ್ಯಕ್ಕೆ ನಿಂತಿದೆ. ಚಿಕ್ಕಪ್ಪ ಮಂಡಿಯಿಂದ ಬಂದಾಗ ಮಾತ್ರ ಟೈಗರ್ ಇನ್ನೂ ಎದೆಗೆ ಹಾರುತ್ತದೆ, ಅವರು ಇನ್ನೂ ಬೆನ್ನು ತಟ್ಟುತ್ತಾರೆ. "ಸುಸ್ತಾಗಿ ಬಂದ್ರೆ ಓಡಿ ಬರೋದು ಅದೊಂದೇ ಕಣಮ್ಮ" ಎನ್ನುತ್ತಾರೆ. ಅಜ್ಜಿ ಜಗಲಿಯಲ್ಲಿದ್ದರೆ ಅವರು ಹಿತ್ತಲ ಬಾಗಿಲಿನಿಂದ ಬರುವುದು ಎಂದು ಚಿಕ್ಕಮ್ಮ ತೀರ್ಮಾನ ಮಾಡಿದ್ದಾರೆ.