ಉಣಕಲ್ಲಿನಲ್ಲಿ ಸಿಕ್ಕ ತವರಿನ ಮೇಷ್ಟ್ರು

ಉಣಕಲ್ ಎಂದರೆ ಬಹಳ ಮಂದಿಗೆ ಕೆರೆ ಮಾತ್ರ ಗೊತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನ ಕಿಟಕಿಯಲ್ಲಿ ನೀರು ಕಂಡರೆ ‘ಉಣಕಲ್ ಬಂತು’ ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಇಳಿದು ಊರೊಳಗೆ ಬಂದವರಿಗೆ ಚಂದ್ರಮೌಳೇಶ್ವರನ ಗುಡಿ ಸಿಗುತ್ತದೆ. ಚಾಲುಕ್ಯರ ಕಾಲದ ಕಲ್ಲಿನ ಗುಡಿ. ನಾಲ್ಕು ದಿಕ್ಕಿಗೂ ಬಾಗಿಲು, ನಡುವೆ ನಾಲ್ಕು ಮುಖದ ಲಿಂಗ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ಇಲ್ಲಿಗೆ ಕರೆದುಕೊಂಡು ಬಂದು, “ಯಾವ ಬಾಗಲದಿಂದ ಬಂದ್ರೂ ಅವನ ಮುಖಾನ ಕಾಣತೈತಿ ನೋಡವಾ” ಅಂದಿದ್ದರು. ಆ ಮಾತು ಇಷ್ಟು ವರ್ಷದ ಮೇಲೆ ಒಂದು ಶಾಲೆಯ ಬಾಗಿಲಲ್ಲಿ ನೆನಪಾದೀತು ಅಂತ ನಾನು ಎಣಿಸಿರಲಿಲ್ಲ.

ನನ್ನ ತವರು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲೂಕಿನಲ್ಲಿ, ರಾಯಲ್ಪಾಡಿನ ಕಡೆ. ಬಂಡೆಗಳು, ಮಾವಿನ ತೋಪು, ಬಾಯಿ ತೆರೆದರೆ ಅರ್ಧ ಕನ್ನಡ ಅರ್ಧ ತೆಲುಗು. ಉಣಕಲ್ಲಿಗೆ ಬಂದಾಗ ಇಲ್ಲಿಯವರ ಮಾತು ಕಿವಿಗೆ ಹಿಡಿಯಲು ನನಗೆ ಒಂದು ವರ್ಷವೇ ಬೇಕಾಯಿತು. ಜೋಳದ ರೊಟ್ಟಿ ಬಡಿಯಲು ಎರಡು ವರ್ಷ!

ಎರಡು ವರ್ಷದ ಹಿಂದೆ ಮೈದುನನ ಮಗಳು ಪುಟ್ಟಿಯದೊಂದು ಚಿಂತೆ ನಮ್ಮ ಮನೆಯಲ್ಲಿ ಶುರುವಾಯಿತು. ಫೀಜು ಕಟ್ಟಿ ದೊಡ್ಡ ಶಾಲೆಗೆ ಹಾಕಿದ್ದರು. ಸೋಮವಾರ ಬಂತೆಂದರೆ ಮಗುವಿಗೆ ಜ್ವರ, ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ರಾತ್ರಿ ನನ್ನ ಪಕ್ಕ ಮಲಗಿದಾಗ ಮೆಲ್ಲಗೆ ಹೇಳಿದಳು: ಬರೆಯುವುದು ತಡವಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರಂತೆ, ಎಲ್ಲರೂ ನಗುತ್ತಾರಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಅಕ್ಕ ಕಣ್ಮುಂದೆ ಬಂದಿದ್ದಳು.

ಸರಕಾರಿ ಕನ್ನಡ ಶಾಲೆ ನೋಡಿಕೊಂಡು ಬರೋಣ ಅಂದಾಗ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಕಡೆಗೆ ಅತ್ತೆಯವರೇ, “ನೋಡಾಕ ಏನು ರೊಕ್ಕ ಕೊಡಬೇಕೇನು? ಹೋಗಿ ಬಾ” ಅಂದರು. ಓರಗಿತ್ತಿಯನ್ನು ಕರೆದುಕೊಂಡು ಹೋದೆ.

ಅದು ನಲಿ-ಕಲಿ ತರಗತಿ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂತಿದ್ದರು. ಮಕ್ಕಳ ಕೈಗೆ ಎಟುಕುವ ಹಾಗೆ ಗೋಡೆಯ ಕೆಳಭಾಗದಲ್ಲೇ ಕಪ್ಪು ಹಲಗೆ. ತಲೆಯ ಮೇಲೆ ದಾರ ಕಟ್ಟಿ ಅವರು ಬರೆದ ಚಿತ್ರ ತೂಗುಹಾಕಿದ್ದರು. ಗೋಡೆಯ ಮೇಲೆ ‘ಕಲಿಕಾ ಏಣಿ’. ಮಗು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆಂದು ನೋಡಿ, ಆ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಂಡು ಕೂಡುತ್ತದೆ. ಜ್ವರ ಬಂದು ನಾಲ್ಕು ದಿನ ಬಿಟ್ಟರೆ ಪಾಠ ಓಡಿಹೋಗುವುದಿಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ದೊಡ್ಡ ಹುಡುಗಿಯೊಂದು ಚಿಕ್ಕವನ ಕೈ ಹಿಡಿದು ‘ಗ’ ತಿದ್ದಿಸುತ್ತಿತ್ತು.

ನನ್ನ ಮಾತಿನ ಧಾಟಿ ಕೇಳಿ ಟೀಚರು, “ನೀವು ಯಾವ ಕಡೆಯವರ್ರೀ?” ಅಂದರು. ಹೇಳಿದೆ. ಅವರು ನಕ್ಕು, “ಹಂಗಾದ್ರ ಇದರ ಬೇರು ನಿಮ್ಮೂರ ಕಡೀನ ಐತಲ್ರೀ. ನೀಲ್ ಬಾಗ್ ಕೇಳೀರೇನು?” ಅಂದರು.

ಕೇಳಿರದೆ ಉಂಟೆ! ನಾನು ಚಿಕ್ಕವಳಿದ್ದಾಗ ಊರ ಹೆಂಗಸರು ಮಾತಾಡಿಕೊಳ್ಳುತ್ತಿದ್ದುದು ನೆನಪಾಯಿತು: ‘ಬಿಳಿಯ ಮೇಷ್ಟ್ರು ಮಕ್ಕಳಿಗೆ ಹೊಡೆಯೋದೇ ಇಲ್ಲವಂತೆ.’

ಅವರ ಹೆಸರು ಡೇವಿಡ್ ಹಾರ್ಸ್‌ಬರ್ಗ್. ಎರಡನೆಯ ಮಹಾಯುದ್ಧದ ಕಾಲಕ್ಕೆ, 1943ರಲ್ಲಿ, ಬ್ರಿಟಿಷ್ ವಾಯುಪಡೆಯಲ್ಲಿ ಭಾರತಕ್ಕೆ ಬಂದವರು. ಈ ನೆಲಕ್ಕೇ ಮನಸೋತರು. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದರು, ಶಿಕ್ಷಕರಿಗೆ ತರಬೇತಿ ಕೊಟ್ಟರು, ಮಕ್ಕಳಿಗೆ ಪುಸ್ತಕ ಬರೆದರು. ದೊಡ್ಡ ಪಟ್ಟಣದಲ್ಲಿ ದೊಡ್ಡ ಹುದ್ದೆಯಲ್ಲೇ ಇದ್ದುಬಿಡಬಹುದಿತ್ತು. ಹಾಗೆ ಮಾಡದೆ ನಮ್ಮ ಬಂಡೆಗಳ ನಾಡಿಗೆ ಬಂದು, ಪತ್ನಿ ಡೋರೀನ್ ಜೊತೆ 1972ರಲ್ಲಿ ನೀಲ್ ಬಾಗ್ ಶಾಲೆ ಶುರುಮಾಡಿದರು. ಸುತ್ತಲ ಹಳ್ಳಿಯ ಬಡಮಕ್ಕಳೇ ಅಲ್ಲಿನ ವಿದ್ಯಾರ್ಥಿಗಳು. ಪರೀಕ್ಷೆ ಇಲ್ಲ, ನಂಬರು ಇಲ್ಲ, ಬಹುಮಾನವೂ ಇಲ್ಲ, ಬೆತ್ತವೂ ಇಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಲೆಕ್ಕ, ಭಾಷೆಯ ಜೊತೆಗೆ ಮರಗೆಲಸ, ಮಡಕೆ ಮಾಡುವುದು, ಹೊಲಿಗೆ, ಹಾಡು. ಒಂದು ಮಗುವನ್ನು ಇನ್ನೊಂದರ ಜೊತೆ ಹೋಲಿಸಿ ಅಳೆಯಬಾರದು ಎಂಬುದು ಅವರ ನಂಬಿಕೆ.

ಶಾಲೆ ಚಿಕ್ಕದೇ. ಆದರೆ ಅವರು ಮಕ್ಕಳಿಗಷ್ಟೇ ಅಲ್ಲ, ಮೇಷ್ಟರಾಗಬೇಕೆಂದು ಬಂದವರಿಗೂ ಕಲಿಸಿದರು. ಅವರ ಬಳಿ ಕಲಿತವರು ಬೆಂಗಳೂರಿನಲ್ಲಿ ‘ವಿಕಾಸನ’, ದೂರದ ಜೈಪುರದಲ್ಲಿ ‘ದಿಗಂತರ’ ಕಟ್ಟಿದರು. 1984ರಲ್ಲಿ ಹಾರ್ಸ್‌ಬರ್ಗ್ ತೀರಿಕೊಂಡರು. ಆ ಪದ್ಧತಿಯಿಂದ ಪ್ರೇರಣೆ ಪಡೆದ ಪದ್ಮನಾಭ ರಾವ್ ಮತ್ತು ರಮಾ ದಂಪತಿ, ರಿಷಿ ವ್ಯಾಲಿ ಸುತ್ತಲ ಹಳ್ಳಿಶಾಲೆಗಳಲ್ಲಿ ಕಾರ್ಡು ಮತ್ತು ಏಣಿಯ ಕಲಿಕೆ ಬೆಳೆಸಿದರು. ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಿಕ್ಷಕರು ಅದನ್ನು ಹೋಗಿ ನೋಡಿ ಬಂದು, 1995ರಲ್ಲಿ ತಮ್ಮ ಮಕ್ಕಳಿಗೆ ಒಗ್ಗುವಂತೆ ನಲಿ-ಕಲಿ ಮಾಡಿಕೊಂಡರು. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆ, ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿತು. ನಮ್ಮೂರ ಮೇಷ್ಟ್ರು ಅದನ್ನು 37 ವರ್ಷ ಮೊದಲೇ ಮಾಡಿ ತೋರಿಸಿದ್ದರು.

ಟೀಚರು ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ಅಕ್ಕನದೇ ಯೋಚನೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಗ್ಗಿ ತಪ್ಪಿದ್ದಕ್ಕೆ ಕೈ ಊದುವ ಹಾಗೆ ಪೆಟ್ಟು ತಿಂದು, ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟಳು. ಹೊಡೆಯದ ಆ ಶಾಲೆಗೆ ಕೇಳಿ ನೋಡೋಣವೇ ಅಂತ ಅಮ್ಮ ಅಂದಿದ್ದಳಂತೆ. “ಹೊಡೆಯದ ಮೇಷ್ಟ್ರು ಏನು ಕಲಿಸ್ತಾನೆ?” ಅಂದರಂತೆ ಅಪ್ಪ. ಅಲ್ಲಿಗೆ ಮುಗಿಯಿತು. ಅಪ್ಪ ಕೆಟ್ಟವರಲ್ಲ. ಅವರು ತಿಳಿದಿದ್ದೇ ಅಷ್ಟು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ. ಅಕ್ಕ ಇವತ್ತಿಗೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ.

ಪುಟ್ಟಿಯನ್ನು ಆ ಶಾಲೆಗೇ ಸೇರಿಸಿದೆವು. ಎಲ್ಲ ಸರಕಾರಿ ಶಾಲೆಯೂ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಶಿಕ್ಷಕರು ಸಾಲದಿದ್ದರೆ, ಮನಸ್ಸಿಟ್ಟು ಮಾಡದಿದ್ದರೆ ಕಾರ್ಡು ಬರೀ ರಟ್ಟಿನ ಚೂರು. ಆದರೆ ನಮ್ಮ ಪುಟ್ಟಿಯ ಸೋಮವಾರದ ಜ್ವರ ಆಮೇಲೆ ಬರಲಿಲ್ಲ. ಈಗ ಗುಡಿಗೆ ಹೋಗುವಾಗ ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ಕೂಡಿಸಿಕೊಂಡು ಓದುತ್ತಾಳೆ.

ಕಳೆದ ಸಲ ಅಕ್ಕ ಮಾವಿನಹಣ್ಣಿನ ಬುಟ್ಟಿ ಹೊತ್ತು ಬಂದಿದ್ದಳು. ಪುಟ್ಟಿ ಜಗಲಿಯ ಮೇಲೆ ಓದುತ್ತಿದ್ದುದನ್ನು ಬಹಳ ಹೊತ್ತು ನೋಡಿ, “ಅಲ್ಲಿ ಹೊಡೆಯಲ್ವಾ?” ಅಂತ ಕೇಳಿದಳು. “ಇಲ್ಲ ದೊಡ್ಡಮ್ಮ” ಅಂದಳು ಪುಟ್ಟಿ. ನಾನು ಆ ಮೇಷ್ಟರ ಕಥೆ ಹೇಳಿದೆ. ಅಕ್ಕ ಹಣ್ಣು ಒರೆಸುತ್ತಾ, “ನಮ್ಮೂರಿಂದ ಇಲ್ಲಿಗಂಟ ಬಂತಾ! ನನ್ನ ಹತ್ತಿರ ಮಾತ್ರ ಬರಲಿಲ್ಲ ನೋಡು” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಪುಟ್ಟಿ ಮಾತ್ರ ಸ್ಲೇಟು ತಂದು ದೊಡ್ಡಮ್ಮನ ಮುಂದೆ ಇಟ್ಟಳು. ಅಕ್ಕ ಹೊರಡುವ ಹೊತ್ತಿಗೆ ತನ್ನ ಹೆಸರಿನ ಎರಡು ಅಕ್ಷರ ಕಲಿತಿದ್ದಳು.

ನಿಮ್ಮ ಮನೆಯ ಮಗು ಶಾಲೆ ಅಂದರೆ ಹೊಟ್ಟೆನೋವು ಅನ್ನುತ್ತಿದ್ದರೆ, ಕಳ್ಳಾಟ ಅಂತ ಗದರುವ ಮುಂಚೆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಒಮ್ಮೆ ಕೇಳಿ ನೋಡಿ. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದು ಇದ್ದೀತು.