ಹೊಸದೋ ಹಳೆಯದೋ? ಎಡಿಟಿಂಗ್ ಕಂಪ್ಯೂಟರ್ ಹುಡುಕಿ ನಾಲ್ಕೂರು!

ಉಡುಪಿ ಅಂದ್ರೆ ಕೃಷ್ಣ, ಮಸಾಲೆ ದೋಸೆ ಅನ್ನೋ ಕಾಲ ಹೋಯ್ತು ಸ್ವಾಮಿ! 2014ರಲ್ಲಿ ‘ಉಳಿದವರು ಕಂಡಂತೆ’ ಬಂದ ಮೇಲೆ ಇಲ್ಲಿ ಬೀದಿಗೊಬ್ಬ ನಿರ್ದೇಶಕ. ಶೂಟಿಂಗಿಗೆ ಕಿಸೆಯ ಮೊಬೈಲೇ ಸಾಕು. ಆದರೆ ತೆಗೆದದ್ದನ್ನು ಕತ್ತರಿಸಿ ಜೋಡಿಸೋದೆಲ್ಲಿ?

ಹದಿನೆಂಟು ನಿಮಿಷದ ನನ್ನ ಕಿರುಚಿತ್ರವೂ ಮೊಬೈಲಿನಲ್ಲೇ ಮಲಗಿತ್ತು. ಚೀಟಿ ಎತ್ತಿದ 45 ಸಾವಿರ ರೂಪಾಯಿ ಕೈಯಲ್ಲಿ. ಪಿಯುಸಿ ಅರ್ಧಕ್ಕೆ ಬಿಟ್ಟ ಹವ್ಯಾಸಿ ಪತ್ರಕರ್ತನಿಗೆ ಸಂಬಳದ ಪತ್ರವಿಲ್ಲ, ಕಂತಿನ ಸಾಲವೂ ಇಲ್ಲ. ಇನ್ನೊಮ್ಮೆ ಇಷ್ಟು ದುಡ್ಡು ಕೂಡಲು ಎರಡು ವರ್ಷ ಬೇಕು.

ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಆ ದುಡ್ಡಿಗೆ ಹೊಸ ಲ್ಯಾಪ್‌ಟಾಪ್ ಇತ್ತು. ಥಳಥಳ ಹೊಳಪು, ಒಂದು ವರ್ಷದ ವಾರಂಟಿ. ಆದರೆ 8 ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಂಗಡಿ ಲೆಕ್ಕ ಬರೆಯೋಕೆ ಭೇಷ್! ನನಗೆ ಬೇಕಾದದ್ದು ಡಾವಿಂಚಿ ರಿಸಾಲ್ವ್. ಪುಕ್ಕಟೆ ಆವೃತ್ತಿ ಅಂತ ಸದರ ಮಾಡಬೇಡಿ, 4ಕೆ ಚಿತ್ರವನ್ನೂ ಹೊರತೆಗೆದು ಕೊಡುತ್ತೆ. ಆದರೆ 16 ಜಿಬಿ ಆದ್ರೂ ಬೇಕು, ಗ್ರಾಫಿಕ್ಸ್ ಕಾರ್ಡಿನ ಹೆಗಲೂ ಬೇಕು. ರ‍್ಯಾಮ್ ಆಮೇಲೆ ಹಾಕಿಸೋಣ ಅಂದ್ರೆ, 2025ರ ಕೊನೆಯಲ್ಲಿ ಅದರ ರೇಟು ಏರಿದ ಪರಿ ಕೇಳಬೇಡಿ!

ಮರುದಿನ ಬಸ್ಸು ಹತ್ತಿ ಕಾಪುವಿಗೆ. 1901ರ ದೀಪಸ್ತಂಭ, ಕರಿಬಂಡೆ, ನೊರೆ... ಡ್ಯುಯೆಟ್ ಹಾಡಿಗೆ ಹೇಳಿಸಿದ ಜಾಗ. ಕಡಲ ಬದಿಯ ಮನೆಯೊಂದರಲ್ಲಿ ಹಳೇ ಲ್ಯಾಪ್‌ಟಾಪ್, ಬರೀ 28 ಸಾವಿರ. ಮೇಲಿಂದ ಅಪ್ಸರೆ! ಮಗುಚಿ ನೋಡಿದರೆ ತಿರುಪುಗಳಿಗೆಲ್ಲ ತುಕ್ಕು, ಚಾರ್ಜರ್ ಚುಚ್ಚುವಲ್ಲಿ ಹಸಿರು ಪಾಚಿಯಂಥ ಕಿಲುಬು. ಕಿಟಕಿಯ ಸರಳನ್ನೇ ತಿನ್ನೋ ಉಪ್ಪುಗಾಳಿ ಒಳಗಿನ ಬೋರ್ಡನ್ನು ಬಿಟ್ಟೀತೇ? ಕೈಮುಗಿದು ಹೊರಟೆ.

ಶಿರ್ವದ ಮೇಲಾಗಿ ಕಾರ್ಕಳ. 1432ರ ಗೊಮ್ಮಟನಿಗೆ ದೂರದಿಂದಲೇ ನಮಸ್ಕಾರ ಹಾಕಿ, ಮದುವೆ ವಿಡಿಯೋ ಎಡಿಟ್ ಮಾಡುವ ಅಣ್ಣನೊಬ್ಬನ ಕೋಣೆಗೆ ನುಗ್ಗಿದೆ. ಅವನ ಕಂಪ್ಯೂಟರೂ ಸೆಕೆಂಡ್‌ಹ್ಯಾಂಡೇ!

“ಹಳತಾದ್ರೆ ಎಂತ ಮಾರಾಯ್ರೆ? ಇಂಟೆಲ್ ಆದ್ರೆ ಎಂಟನೇ ತಲೆಮಾರಿಗಿಂತ ಕೆಳಗಿನದ್ದು ಮಾತ್ರ ಬೇಡ. ಅದಕ್ಕೆ ವಿಂಡೋಸ್ 11 ಸರಿಯಾಗಿ ಸಿಗುದಿಲ್ಲ” ಅಂದ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕೈಬಿಟ್ಟಿತಲ್ಲ, ಅದೇ ಕಥೆ.

ಇನ್ನೊಂದು ಗುಟ್ಟು ಪ್ರಾಕ್ಸಿ. ಭಾರದ ಫೈಲಿಗೆ ಹಗುರವಾದ ನಕಲು ಮಾಡಿ ಅದರ ಮೇಲೆ ಕತ್ತರಿ ಆಡಿಸೋದು, ಕಡೆಗೆ ಮೂಲ ಜೋಡಿಸೋದು. ಹಿಂದೆ ನೆಗೆಟಿವ್ ಮುಟ್ಟದೆ ರಷ್ ಪ್ರಿಂಟ್ ಕತ್ತರಿಸುತ್ತಿದ್ದರಲ್ಲ, ಹಾಗೇ! ಸಾಧಾರಣ ಕಂಪ್ಯೂಟರೂ ಇದರಿಂದ ಉಸಿರಾಡುತ್ತೆ. ನಾಳೆಯೇ ಗಿರಾಕಿಗೆ ಕೆಲಸ ಒಪ್ಪಿಸಬೇಕಾದವರು ಹೊಸದನ್ನೇ ಕೊಳ್ಳಲಿ, ವಾರಂಟಿಗೂ ಬೆಲೆ ಉಂಟು. ನನ್ನ ಹಿಂದೆ ಗಿರಾಕಿಗಳ ಸಾಲೇನೂ ಇರಲಿಲ್ಲ ಬಿಡಿ.

ವಾಪಸು ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲ. 1953ರ ಮೆಡಿಕಲ್ ಕಾಲೇಜು, 1957ರ ಇಂಜಿನಿಯರಿಂಗ್ ಕಾಲೇಜು ಇರುವ ಊರು. ಕೋರ್ಸ್ ಮುಗಿಸಿ ಗಂಟುಮೂಟೆ ಕಟ್ಟೋ ಹುಡುಗರು ಸೈಕಲ್ಲಿನಿಂದ ಲ್ಯಾಪ್‌ಟಾಪಿನವರೆಗೆ ಮಾರ್ತಾರೆ. ಒಬ್ಬನ ಹತ್ತಿರ ಮೂರು ವರ್ಷದ ಗೇಮಿಂಗ್ ಲ್ಯಾಪ್‌ಟಾಪ್. 16 ಜಿಬಿ, ಗ್ರಾಫಿಕ್ಸ್ ಕಾರ್ಡ್, ಜೊತೆಗೆ ಅಸಲಿ ಬಿಲ್ಲು! ಪೆನ್‌ಡ್ರೈವಿನಿಂದ ನನ್ನದೇ ದೃಶ್ಯ ಹಾಕಿ ಒಂದು ಗಂಟೆ ಓಡಿಸಿದೆ. ಫ್ಯಾನು ಹೆಲಿಕಾಪ್ಟರಿನಂತೆ ಕೂಗಿತು, ಬ್ಯಾಟರಿ ಒಂದೇ ತಾಸಿಗೆ ಕಣ್ಣುಮುಚ್ಚಿತು. ಚಿತ್ರ ಮಾತ್ರ ಎಲ್ಲೂ ತಡವರಿಸಲಿಲ್ಲ. ಬ್ಯಾಟರಿ ನೆಪ ಹೇಳಿ ಚೌಕಾಸಿ ಮಾಡಿದೆ. 44 ಕೇಳಿದವನು 38 ಸಾವಿರಕ್ಕೆ ಇಳಿದ. ಅವನ ಖಾತೆಗಳನ್ನೆಲ್ಲ ತೆಗೆಸಿ, ಎಲ್ಲ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿಸಿಕೊಂಡೇ ದುಡ್ಡು ಎಣಿಸಿದ್ದು.

ಉಳಿದ ಏಳು ಸಾವಿರದಲ್ಲಿ ದೃಶ್ಯಗಳ ಇನ್ನೊಂದು ಪ್ರತಿ ಇಡೋಕೆ ಒಂದು ಹಾರ್ಡ್‌ಡಿಸ್ಕ್ ಬಂತು. ಹದಿನೆಂಟು ನಿಮಿಷ ಈಗ ಹನ್ನೊಂದಾಗಿದೆ. ಇನ್ನೂ ಎರಡು ನಿಮಿಷ ಹಾರಿಸಬೇಕು ಅಂತಾನೆ ಕಾರ್ಕಳದ ಅಣ್ಣ!