ಒಂದು ನಡಿಗೆ, ಒಂದು ತಿದ್ದುಪಡಿ

ಮಂಗಳೂರಿಗೆ ಹೋದಾಗಲೆಲ್ಲ ಕಾಲ್ನಡಿಗೆಯಲ್ಲಿ ಊರು ಸುತ್ತುವುದು ನನ್ನ ರೂಢಿ. ಈ ಸಲ ಬೆಳಿಗ್ಗೆ ಕದ್ರಿ ಉದ್ಯಾನದಲ್ಲಿ ಸುತ್ತಾಡಿ, ಬಾವುಟಗುಡ್ಡೆಯನ್ನೇರಿ, ಟಾಗೋರ್ ಪಾರ್ಕಿನಲ್ಲಿ ಕುಳಿತು ದೂರದ ಕಡಲನ್ನು ಕಣ್ತುಂಬ ನೋಡಿದೆ. ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆ.

1784ರ ಮಂಗಳೂರು ಒಪ್ಪಂದದ ಪಾಠ ಮಾಡುವಾಗ ಇದನ್ನು ‘ಟಿಪ್ಪುವಿನ ದೊಡ್ಡ ಕೋಟೆ’ ಎಂದು ನಿಮಗೆ ಹೇಳುತ್ತಿದ್ದೆ. ಆಗ ನಾನದನ್ನು ಕಂಡೇ ಇರಲಿಲ್ಲ! ಗುರುಪುರ ನದಿಗೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಅದೇ ವರ್ಷ ಕಟ್ಟಿಸಿದ, ಕಪ್ಪುಕಲ್ಲಿನ ಪುಟ್ಟ ಕಾವಲು ಬುರುಜು ಅದು. ಮೆಟ್ಟಿಲೇರಿ ಕಿಂಡಿಯಿಂದ ಇಣುಕಿದರೆ ಎದುರಿಗೇ ನದಿ, ಆಚೆ ದಡದಲ್ಲಿ ತಣ್ಣೀರುಬಾವಿಯ ಮರಗಳು. ಅಷ್ಟು ಚಿಕ್ಕ ಕಟ್ಟಡ ಸಾಕಾದದ್ದೇಕೆಂದು ಅಲ್ಲಿ ನಿಂತಾಗಲೇ ತಿಳಿಯಿತು.

ನನ್ನ ಶಿಷ್ಯರಲ್ಲಿ ಹಲವರು ಈಗ ಮೇಷ್ಟ್ರುಗಳು. ಈ ತಪ್ಪನ್ನು ದಯವಿಟ್ಟು ತಿದ್ದಿಕೊಳ್ಳಿ. ಸಾಧ್ಯವಾದರೆ ಮಕ್ಕಳನ್ನು ನಡೆಸಿಕೊಂಡು ಹೋಗಿ ತೋರಿಸಿ.